ಕುಬಟೂರಿನ ಚರಿತ್ರೆಯಲ್ಲಿ ಒಂದು ಸಾಲು

ಈ ಸ್ಮರಣ ಸಂಚಿಕೆಗಾಗಿ ಕುಬಟೂರಿನ ಪ್ರಾಚೀನ ಚರಿತ್ರೆಯನ್ನು ಕುರಿತು ಒಂದು ಲೇಖನವನ್ನು ಸಿದ್ಧಪಡಿಸಬೇಕೆಂದು ಸಮಿತಿಯವರು ನನಗೆ ಹೇಳಿದರು. ಎಸ್.ಎಸ್.ಎಲ್.ಸಿ.ಗೆ ಓದನ್ನು ನಿಲ್ಲಿಸಿ ಅಡಕೆ ವ್ಯಾಪಾರಕ್ಕೆ ಇಳಿದ ನನಗೆ ವಿದ್ವಾಂಸನೆಂದು ಹೇಳಿಕೊಳ್ಳುವ ಅರ್ಹತೆಯಿಲ್ಲ. ಹಿರಿಯರ ಮಾತನ್ನು ಮೀರಲಾರದೆ ಒಪ್ಪಿದೆ. ಕರಡನ್ನು ಸಭೆಯಲ್ಲಿ ಓದಿದಾಗ ಒಂದೇ ಒಂದು ಸಾಲನ್ನು ಹಿಡಿದು ಎರಡು ಗಂಟೆ ಚರ್ಚೆ ನಡೆಯಿತು. ಮೌರ್ಯ ಚಕ್ರವರ್ತಿ ಚಂದ್ರಗುಪ್ತನು ನಮ್ಮ ನಾಗರಖಂಡವನ್ನು ಆಳಿದನು ಎಂಬುದೇ ಆ ಸಾಲು. ಹಿರಿಯ ಶ್ರಾವಕರೊಬ್ಬರು ಅದನ್ನು ಲೇಖನದ ತಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಬೇಕೆಂದರು. ಕಾಲೇಜು ಓದಿದ ನನ್ನ ತಮ್ಮನ ಮಗ, "ದೊಡ್ಡಪ್ಪ, ಇದು ಬರೀ ದಂತಕಥೆ. ಹೊಡೆದುಹಾಕಿಬಿಡಿ, ಓದಿದವರು ನಗುತ್ತಾರೆ" ಎಂದ. ಇಬ್ಬರಿಗೂ ಬಸದಿಯ ಮೇಲಿನ ಅಭಿಮಾನ ಒಂದೇ ತೂಕದ್ದು. ಲೇಖನಿ ಮಾತ್ರ ನನ್ನ ಕೈಯಲ್ಲಿ ಉಳಿಯಿತು.

ಮೊದಲು ವಿವಾದವಿಲ್ಲದ ಸಂಗತಿಯನ್ನು ಹೇಳುತ್ತೇನೆ. ಆನವಟ್ಟಿಯ ಸಮೀಪದ ಕುಬಟೂರು ಶಾಸನಗಳಲ್ಲಿ ಕುಪ್ಪಟೂರೆಂದು ಪ್ರಸಿದ್ಧವಾಗಿದೆ. ಬನವಾಸಿ ಹನ್ನೆರಡು ಸಾವಿರದೊಳಗಿನ ನಾಗರಖಂಡ ಎಪ್ಪತ್ತಕ್ಕೆ ಸೇರಿದ ಊರು ಇದು. ಸುಮಾರು ಕ್ರಿ.ಶ. 1077ರಲ್ಲಿ ಬನವಾಸಿಯ ಕದಂಬ ದೊರೆ ಕೀರ್ತಿದೇವನ ಪಟ್ಟದರಸಿ ಮಾಳಲದೇವಿಯು ಇಲ್ಲಿ ಪಾರ್ಶ್ವದೇವರ ಚೈತ್ಯಾಲಯವನ್ನು ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಳು. ಆಗ ಕುಪ್ಪಟೂರು ಬ್ರಾಹ್ಮಣರ ಅಗ್ರಹಾರವಾಗಿತ್ತು. ರಾಣಿಯು ಅಗ್ರಹಾರದ ಮಹಾಜನರನ್ನು ಕರೆಸಿ ಪೂಜಿಸಿ, ಅವರ ಬಾಯಿಂದಲೇ ತನ್ನ ಬಸದಿಗೆ 'ಬ್ರಹ್ಮ ಜಿನಾಲಯ' ಎಂಬ ಹೆಸರನ್ನಿಡಿಸಿದಳು. ಊರಿನ ಕೋಟೀಶ್ವರ ಮೂಲಸ್ಥಾನ ಮೊದಲಾದ ದೇವಾಲಯಗಳವರನ್ನೂ ಬನವಾಸಿಯ ಮಧುಕೇಶ್ವರ ದೇವಾಲಯದವರನ್ನೂ ಸತ್ಕರಿಸಿ ಭೂಮಿಯನ್ನು ಪಡೆದಳು.

ಆ ಮಹಾಜನರಿಗೆ ಜಿನಮತ ಸಮ್ಮತವಾಗಿರಲಿಲ್ಲ. ಆದರೂ ಪರರ ಮತದ ಮಂದಿರವೆಂದು ಮುಖ ತಿರುಗಿಸದೆ, ಅದರಲ್ಲಿ ತಾವು ಮೆಚ್ಚಬಹುದಾದದ್ದನ್ನು ಹುಡುಕಿ ಹೆಸರಿಟ್ಟರು. ರಾಣಿಯಾದರೂ ಅವರ ಸದ್ಭಾವನೆಯೊಂದನ್ನೇ ನೆಚ್ಚಿ ಕುಳಿತುಕೊಳ್ಳಲಿಲ್ಲ. ಯಾರ ಸಮಕ್ಷಮದಲ್ಲಿ ಏನು ನಡೆಯಿತೆಂಬುದನ್ನು ಕಲ್ಲಿನಲ್ಲಿ ಕೊರೆಸಿದಳು. ಸ್ನೇಹಿತನಿಗೆ ಸಾಲ ಕೊಡುವಾಗಲೂ ಕಾಗದ ಬರೆಸಿಕೊಳ್ಳುವುದನ್ನು ಅಪನಂಬಿಕೆಯೆಂದು ವ್ಯಾಪಾರಿಗಳಾದ ನಾವು ಭಾವಿಸುವುದಿಲ್ಲ.

ಇನ್ನು ಚಂದ್ರಗುಪ್ತನ ವಿಷಯ. ಸೊರಬ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಸಾಹೇಬರು 1904ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದು, ವಿವೇಕಿಯಾದ ಚಂದ್ರಗುಪ್ತನು ನಾಗರಖಂಡವನ್ನು ರಕ್ಷಿಸಿದನೆಂದು ಹೇಳುತ್ತದೆ. ನಮ್ಮ ಹಿರಿಯರ ಆಧಾರ ಇದೇ. ಆದರೆ ಆ ಶಾಸನ 14ನೆಯ ಶತಮಾನದ್ದು. ಚಂದ್ರಗುಪ್ತನಾದರೋ ಕ್ರಿಸ್ತಪೂರ್ವ 4ನೆಯ ಶತಮಾನದವನು. ನಡುವೆ ಹದಿನಾರು ಹದಿನೇಳು ನೂರು ವರ್ಷಗಳು! ನನ್ನ ಮುತ್ತಜ್ಜನ ಕಾಲದ ಲೆಕ್ಕವನ್ನೇ ನಾನು ಸರಿಯಾಗಿ ಹೇಳಲಾರೆ. ಹುಡುಗನ ಆಕ್ಷೇಪಣೆಯಲ್ಲಿ ಹುರುಳಿದೆ. ರೈಸ್ ಸಾಹೇಬರೂ ಆ ಶಾಸನವನ್ನು ಎತ್ತಿ ಹೇಳಿದವರೇ ಅದರ ಕಾಲವನ್ನು ಮರೆಮಾಡಲಿಲ್ಲ.

ಹಾಗೆಂದು ಹೊಡೆದುಹಾಕಬೇಕೆ? ಅದೇ ರೈಸ್ ಸಾಹೇಬರು 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಅಶೋಕನು ಚಂದ್ರಗುಪ್ತನ ಮೊಮ್ಮಗ. ಅಶೋಕನು ತಾನು ಗೆದ್ದೆನೆಂದು ಹೇಳಿಕೊಳ್ಳುವುದು ಕಳಿಂಗವೊಂದನ್ನೇ. ಹಾಗಾದರೆ ಕನ್ನಡ ನಾಡಿನ ಈ ಭಾಗ ಅವನಿಗೆ ತಂದೆಯಿಂದಲೋ ತಾತನಿಂದಲೋ ಬಂದಿರಬೇಕು. ಶ್ರವಣಬೆಳಗೊಳದ ವಿಷಯದಲ್ಲೂ ಇಂಥದೇ ವಾದ ನಡೆದಿದೆ. ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಶಾಸನ ಭದ್ರಬಾಹುವನ್ನೂ ಪ್ರಭಾಚಂದ್ರನನ್ನೂ ಹೆಸರಿಸುತ್ತದೆ, ಚಂದ್ರಗುಪ್ತನನ್ನಲ್ಲ. ಜೆ.ಎಫ್. ಫ್ಲೀಟ್ ಸಾಹೇಬರು ಐತಿಹ್ಯವನ್ನು ನಿರಾಕರಿಸಿದರು. ಆದರೆ ಸುಮಾರು 650ರ ಇನ್ನೊಂದು ಶಾಸನ ಭದ್ರಬಾಹು, ಚಂದ್ರಗುಪ್ತ ಮುನೀಂದ್ರರನ್ನು ಒಟ್ಟಿಗೇ ಸ್ಮರಿಸುತ್ತದೆ. ರೈಸ್ ಸಾಹೇಬರು ಐತಿಹ್ಯದ ಪರವಾಗಿ ನಿಂತರು. ಫ್ಲೀಟರ ಪ್ರಶ್ನೆಯಿಲ್ಲದಿದ್ದರೆ ನಾವು ಆ ಕಲ್ಲುಗಳನ್ನು ಅಷ್ಟು ಸೂಕ್ಷ್ಮವಾಗಿ ಓದುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಡಕೆಯ ಚೀಲದ ಮೇಲಿನ ಹಿಡಿಯನ್ನು ಮಾತ್ರ ನೋಡಿ ಬೆಲೆ ಕಟ್ಟುವ ವ್ಯಾಪಾರಿ ಬಹಳ ದಿನ ಬಾಳುವುದಿಲ್ಲ. ತಳಕ್ಕೆ ಕೈಹಾಕಿ ನೋಡಲೇಬೇಕು. ಒಂದು ಹುಳುಕು ಸಿಕ್ಕಿತೆಂದು ಚೀಲವನ್ನೇ ಹಿಂದಕ್ಕೆ ಕಳಿಸುವವನಿಗೂ ಸರಕು ಸಿಗದು. ಮೂವತ್ತು ವರ್ಷಗಳಲ್ಲಿ ನಾನು ಈ ಎರಡು ತಪ್ಪುಗಳನ್ನೂ ಮಾಡಿದ್ದೇನೆ. ನಿಜ ಹೇಳಬೇಕೆಂದರೆ, ಎರಡನೆಯದರಿಂದಲೇ ನಷ್ಟ ಹೆಚ್ಚಾಯಿತು, ಏಕೆಂದರೆ ಆ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಿಸುವುದಿಲ್ಲ.

ಪರೀಕ್ಷೆ ಮಾಡಿದರೆ ಭಕ್ತಿಗೆ ಕುಂದು ಬರುವುದೆಂದು ಸಭೆಯಲ್ಲಿ ಕೆಲವರು ಅಂಜಿದರು. ಅವರಿಗೆ ನಾನು ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ'ಯನ್ನು ನೆನಪಿಸಿದೆ. ಅದಕ್ಕೆ 'ದೇವಾಗಮ ಸ್ತೋತ್ರ'ವೆಂದೂ ಹೆಸರು. ಅಂದರೆ ಅದು ಸ್ತೋತ್ರವೂ ಹೌದು, ಮೀಮಾಂಸೆಯೂ ಹೌದು. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದ ಜಿನನು ಪೂಜ್ಯನೆಂದು ಒಪ್ಪಲಾಗದೆಂದು ಆಚಾರ್ಯರು ಆರಂಭದಲ್ಲೇ ಹೇಳುತ್ತಾರೆ. ಆತನ ವಚನವು ಯುಕ್ತಿಗೂ ಆಗಮಕ್ಕೂ ವಿರೋಧವಾಗದಿರುವುದೇ ಅವರಿಗೆ ಪ್ರಮಾಣ. ಈ ಗ್ರಂಥದ ಮೇಲೆ ಅಕಲಂಕರು 'ಅಷ್ಟಶತಿ'ಯನ್ನೂ ವಿದ್ಯಾನಂದರು 'ಅಷ್ಟಸಹಸ್ರಿ'ಯನ್ನೂ ಬರೆದರು. ಎಂಟು ನೂರು ಎಂಟು ಸಾವಿರವಾಗಿ ಬೆಳೆಯಿತೇ ಹೊರತು ಯಾರ ಶ್ರದ್ಧೆಯೂ ಸವೆಯಲಿಲ್ಲ. ಸ್ಯಾದ್ವಾದವೆಂದರೆ 'ಎಲ್ಲರದೂ ಸರಿ' ಎಂದು ತಲೆಯಾಡಿಸುವುದೆಂಬ ತಪ್ಪು ತಿಳಿವಳಿಕೆ ನಮ್ಮವರಲ್ಲೇ ಇದೆ. ಯಾವ ಅಪೇಕ್ಷೆಯಿಂದ ಈ ಮಾತು ನಿಜ, ಯಾವ ಅಪೇಕ್ಷೆಯಿಂದ ಅಲ್ಲ ಎಂದು ಬಿಡಿಸಿ ಹೇಳುವ ಶ್ರಮ ಅದರಲ್ಲಿದೆ. ಕೋಟೀಶ್ವರನನ್ನೇ ನೋಡಿ. ಇಂದಿನ ಕೈಟಭೇಶ್ವರ ದೇವಾಲಯ ಸುಮಾರು 1100ರದೆಂದು ಪುಸ್ತಕಗಳು ಹೇಳುತ್ತವೆ. 1077ರ ಶಾಸನದಲ್ಲಿ ಆಗಲೇ ಕೋಟೀಶ್ವರ ಮೂಲಸ್ಥಾನವಿದೆ. ಕಟ್ಟಡದ ಅಪೇಕ್ಷೆಯಿಂದ ಒಂದು ಕಾಲ, ಸ್ಥಾನದ ಅಪೇಕ್ಷೆಯಿಂದ ಅದಕ್ಕೂ ಹಿಂದಿನ ಕಾಲ.

ಚಂದ್ರಹಾಸನ ಮಾತೂ ಬಂದಿತು. ಕುಬಟೂರೇ ಅವನ ಕುಂತಳನಗರವೆಂದು ಜನ ನಂಬಿದ್ದಾರೆ. ಬನವಾಸಿ ನಾಡು ಕುಂತಳದೇಶಕ್ಕೆ ಸೇರಿದ್ದರಿಂದ ಆ ನಂಬಿಕೆ ಹುಟ್ಟಿದ್ದು ಸಹಜ. ಲಕ್ಷ್ಮೀಶನ 'ಜೈಮಿನಿ ಭಾರತ'ದ ಕಥೆಯಲ್ಲಿ ದುಷ್ಟಬುದ್ಧಿಯ ಪತ್ರದ 'ವಿಷ' ಎಂಬುದನ್ನು ಅವನ ಮಗಳು 'ವಿಷಯೆ' ಎಂದು ತಿದ್ದಿ ಚಂದ್ರಹಾಸನ ಪ್ರಾಣ ಉಳಿಸುತ್ತಾಳೆ. ಪ್ರೀತಿಯಿಂದ ಅಕ್ಷರ ತಿದ್ದುವ ಸ್ವಾತಂತ್ರ್ಯ ಆಕೆಗಿತ್ತು. ಶಾಸನ ಓದುವವನಿಗೆ ಅದಿಲ್ಲ.

ಕೊನೆಗೆ ಆ ಸಾಲನ್ನು ಹೀಗೆ ಬರೆದೆ: "ಚಂದ್ರಗುಪ್ತನು ನಾಗರಖಂಡವನ್ನು ರಕ್ಷಿಸಿದನೆಂದು ಸೊರಬ ತಾಲ್ಲೂಕಿನ 14ನೆಯ ಶತಮಾನದ ಶಾಸನವೊಂದು ಹೇಳುತ್ತದೆ, ಮೌರ್ಯರ ಆಳ್ವಿಕೆ ಕನ್ನಡ ನಾಡಿನಲ್ಲಿತ್ತೆಂಬುದಕ್ಕೆ ಅಶೋಕನ ಶಾಸನಗಳು ಸಾಕ್ಷಿಯಾಗಿರುವುದರಿಂದ ಇದು ಅಸಂಭವವಲ್ಲ." ಹಿರಿಯರು ಎರಡು ಸಲ ಓದಿಸಿಕೊಂಡು ಕೇಳಿದರು. "ಅಸಂಭವವಲ್ಲ ಅಂದರೆ ಆಗಿರಬಹುದು ಅಂತಲೇ ತಾನೆ?" ಎಂದರು. ಹೌದೆಂದೆ. ತಮ್ಮನ ಮಗ, '14ನೆಯ ಶತಮಾನದ' ಎಂಬ ಮಾತು ಅಚ್ಚಿನಲ್ಲಿ ತಪ್ಪಿಹೋಗದಂತೆ ತಾನೇ ಪ್ರೂಫ್ ನೋಡುತ್ತೇನೆಂದ. ದಪ್ಪಕ್ಷರದ ಬೇಡಿಕೆಯನ್ನು ಹಿರಿಯರು ತಾವಾಗಿಯೇ ಕೈಬಿಟ್ಟರು.