ವಸಡಿನ ಔಷಧ ಮತ್ತು ಮೂಕಜೀವಿಗಳ ಋಣ

ಒಂದು ಔಷಧವು ರೋಗಿಯ ಕೈಸೇರುವ ಮುನ್ನ ಯಾವ ಯಾವ ಜೀವಿಗಳ ದೇಹವನ್ನು ಹಾದುಬಂದಿದೆ ಎಂಬುದನ್ನು ಅದರ ಹೊರಚೀಟಿ ತಿಳಿಸುವುದಿಲ್ಲ. ವಸಡಿನ ರೋಗಕ್ಕೆ ಬಳಸುವ ಒಂದು ಆಂಟಿಬಯಾಟಿಕ್ ಔಷಧದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ವಸಡನ್ನೂ ಹಲ್ಲಿನ ಬುಡದ ಮೂಳೆಯನ್ನೂ ಕ್ಷಯಿಸುವ ರೋಗವು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹರಡಬಲ್ಲದೆಂದು ಅಮೆರಿಕದ ಪಾಲ್ ಕೀಸ್ ಮತ್ತು ಹೆರಾಲ್ಡ್ ಜೋರ್ಡನ್ 1964ರಲ್ಲಿ ತೋರಿಸಿದರು. ಅವರು ಆಯ್ದುಕೊಂಡದ್ದು ಇಲಿಯನ್ನು ಹೋಲುವ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯನ್ನು. ರೋಗಾಣುಗಳೇ ಮೂಲವೆಂದ ಮೇಲೆ ಅವುಗಳನ್ನು ಕೊಲ್ಲುವ ಔಷಧದತ್ತ ವೈದ್ಯರ ದೃಷ್ಟಿ ಹರಿಯುವುದು ಸಹಜವಾಗಿತ್ತು.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದ ಹಾರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ಮನುಷ್ಯರ ಮೇಲೆಯೇ ನಡೆದಿತ್ತು. ದಂತವೈದ್ಯ ವಿದ್ಯಾರ್ಥಿಗಳೇ ಹೆಚ್ಚಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡುಗಳಲ್ಲೂ ಉರಿಯೂತ ಕಾಣಿಸಿತು; ಮತ್ತೆ ಶುಚಿಗೊಳಿಸಿಕೊಂಡಾಗ ಅದು ಶಮನವಾಯಿತು. ಆದರೆ ರೋಗವು ಮೂಳೆಗಿಳಿದ ಮೇಲಿನ ಹಾನಿ ಹಾಗೆ ತಾನಾಗಿ ಸರಿಹೋಗುವಂಥದಲ್ಲ. ಅದನ್ನು ಮನುಷ್ಯರಲ್ಲಿ ಬುದ್ಧಿಪೂರ್ವಕವಾಗಿ ಉಂಟುಮಾಡುವುದು ಸಲ್ಲದೆಂಬ ಕಾರಣದಿಂದ ಆ ಭಾರವು ಪ್ರಾಣಿಗಳ ಮೇಲೆ ಬಿದ್ದಿತು.

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ ಲಾರ್ನ್ ಗೋಲಬ್ ಮತ್ತು ಸಂಗಡಿಗರು ರೋಗಾಣುರಹಿತವಾಗಿ ಬೆಳೆಸಿದ ಇಲಿಗಳಲ್ಲಿ ಮಧುಮೇಹವನ್ನು ಉಂಟುಮಾಡಿ, ಮಿನೊಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರು. ವಸಡಿನ ಕೊಲಾಜನ್ ತಂತುಗಳನ್ನು ಕರಗಿಸುವ ಕಿಣ್ವದ ಚಟುವಟಿಕೆ ಕುಗ್ಗಿತೆಂದು 1983ರಲ್ಲಿ ವರದಿ ಮಾಡಿದರು. ಅಲ್ಲಿ ಕೊಲ್ಲಲು ರೋಗಾಣುಗಳೇ ಇರಲಿಲ್ಲ. ಔಷಧವು ದೇಹದ ಕಿಣ್ವವನ್ನೇ ತಡೆದಿತ್ತು. ಈ ತಿಳಿವಿನಿಂದ ಬೆಳೆದ ಚಿಕಿತ್ಸೆಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು: ದಿನಕ್ಕೆ ಎರಡು ಬಾರಿ 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್. ರೋಗಾಣುಗಳನ್ನು ಕೊಲ್ಲಲು ಸಾಲದಷ್ಟು ಅಲ್ಪವಾದ ಈ ಪ್ರಮಾಣವು ಹಲ್ಲಿನ ಬುಡವನ್ನು ಶುಚಿಗೊಳಿಸುವ ಚಿಕಿತ್ಸೆಗೆ ಪೂರಕ ಮಾತ್ರ.

ಆರ್ಹುಸಿನ ಪ್ರಯೋಗಕ್ಕೊಳಗಾದವರು ತಾವು ಮಾಡುತ್ತಿರುವುದೇನೆಂದು ಬಲ್ಲವರಾಗಿದ್ದರು. ಇಲಿಗಳಿಗೆ ಆ ಅವಕಾಶವಿರಲಿಲ್ಲ. ಪ್ರಾಣಿಗಳಿಗೆ ಬದಲಿ ಮಾರ್ಗವನ್ನು ಹುಡುಕಬೇಕು, ಅವುಗಳ ಸಂಖ್ಯೆಯನ್ನು ತಗ್ಗಿಸಬೇಕು, ನೋವನ್ನು ಕನಿಷ್ಠಗೊಳಿಸಬೇಕು ಎಂಬ ಮೂರು ನಿಯಮಗಳನ್ನು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ 1959ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಇದು ವಿಜ್ಞಾನಿಯ ಕರ್ತವ್ಯ. ಗೃಹಸ್ಥನಿಗೂ ಒಂದು ಕರ್ತವ್ಯವುಂಟು. ಔಷಧವನ್ನು ತ್ಯಜಿಸಿದ ಮಾತ್ರಕ್ಕೆ ನಡೆದುಹೋದ ಹಿಂಸೆ ಅಳಿಯುವುದಿಲ್ಲ. ಹಾಗೆಂದು ಅದನ್ನು ಮರೆತು ಫಲವನ್ನಷ್ಟೇ ಅನುಭವಿಸುವುದೂ ಯುಕ್ತವಲ್ಲ. ನಿತ್ಯದ ದಂತಶುಚಿಯಿಂದ ತಡೆಯಬಹುದಾದ ರೋಗವನ್ನು ಆಲಸ್ಯದಿಂದ ಬೆಳೆಯಗೊಟ್ಟು ಅನಂತರ ಔಷಧವನ್ನು ಅರಸುವ ಪ್ರಮಾದವನ್ನಾದರೂ ಆತ ತೊರೆಯಬೇಕು.