ಎಣ್ಣೆ ಗಿರಣಿಯಿಂದ ಗಣಕಯಂತ್ರದವರೆಗೆ



ಉರ್ದುವಿನಲ್ಲಿ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ಆದರೆ ಯಾವ ಭಾಷೆಯ ವ್ಯಾಪಾರಿಯನ್ನು ಕೇಳಿದರೂ ಅವನ ಚಿಂತೆ ಒಂದೇ: ಇಂದಿನ ಗಿರಾಕಿಯನ್ನು ನೋಡಿಕೊಳ್ಳಬೇಕೋ, ನಾಳೆಯ ಯೋಚನೆ ಮಾಡಬೇಕೋ? ನಮ್ಮ ಎಷ್ಟೋ ಮನೆಗಳು ಕಿರಾಣಿ ಅಂಗಡಿ, ಗ್ಯಾರೇಜು, ಗುಜರಿ, ರೇಷ್ಮೆ ರೀಲಿಂಗ್‌ಗಳನ್ನು ನಂಬಿ ನಡೆಯುತ್ತಿವೆ. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿ ಇಳಿಸುವವರೆಗೆ ಪುರುಸೊತ್ತಿಲ್ಲ. ಕೈ ಸಾಲದಿದ್ದಾಗ ಹತ್ತನೇ ತರಗತಿಯ ಮಗನನ್ನೂ ಅಂಗಡಿಗೆ ಕರೆಸಿಕೊಳ್ಳುತ್ತೇವೆ. ಇಂತಹ ಸಂದರ್ಭದಲ್ಲಿ ಏನು ಮಾಡಬೇಕೆಂಬುದಕ್ಕೆ ನಮ್ಮ ದೇಶದ ಉದ್ಯಮ ಚರಿತ್ರೆಯಲ್ಲೇ ಒಂದು ಒಳ್ಳೆಯ ಪಾಠವಿದೆ.

ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯಲ್ಲಿ ಅಮಳನೇರ್ ಎಂಬ ಊರಿದೆ. ಅಕ್ಕಿ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಮಹಮ್ಮದ್ ಹಾಶಂ ಪ್ರೇಮ್‌ಜಿಯವರು 1945ರ ಡಿಸೆಂಬರ್‌ನಲ್ಲಿ ಇಲ್ಲಿ ವನಸ್ಪತಿ ತಯಾರಿಸುವ ಕಂಪನಿಯನ್ನು ಸ್ಥಾಪಿಸಿದರು. ಎಣ್ಣೆ ತಯಾರಿಕೆಯಲ್ಲಿ ಉಳಿಯುವ ಪದಾರ್ಥವನ್ನೂ ಅವರು ಚೆಲ್ಲಲಿಲ್ಲ, ಅದರಿಂದ ‘787’ ಎಂಬ ಬಟ್ಟೆ ಸೋಪು ಮಾಡಿಸಿದರು. 1966ರಲ್ಲಿ ಅವರು ಹಠಾತ್ತನೆ ತೀರಿಕೊಂಡರು. ಆಗ ಮಗ ಅಜೀಂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ವಯಸ್ಸು ಕೇವಲ 21. ಓದನ್ನು ಅರ್ಧಕ್ಕೆ ಬಿಟ್ಟು ಬಂದು ಕಂಪನಿಯ ಹೊಣೆ ಹೊತ್ತರು. ಈ ಹುಡುಗನಿಂದ ಕಂಪನಿ ನಡೆಸಲು ಆಗದು, ಷೇರುಗಳನ್ನು ಮಾರಿ ಅನುಭವಸ್ಥರಿಗೆ ಬಿಟ್ಟುಕೊಡಲಿ ಎಂದು ವಾರ್ಷಿಕ ಸಭೆಯಲ್ಲಿ ಷೇರುದಾರರೊಬ್ಬರು ಎದ್ದುನಿಂತು ಹೇಳಿದರಂತೆ.

ಅವರು ಮಾರಲಿಲ್ಲ. ಹಾಗೆಂದು ಎಣ್ಣೆ, ಸೋಪು ತನ್ನ ಓದಿಗೆ ತಕ್ಕ ಕೆಲಸವಲ್ಲ ಎಂದು ಮುಖ ತಿರುಗಿಸಲೂ ಇಲ್ಲ. ಮೊದಲ ವರ್ಷಗಳಲ್ಲಿ ಇರುವ ಕೆಲಸವನ್ನೇ ಕಲಿತು ಗಟ್ಟಿ ಮಾಡಿಕೊಂಡರು. ನಂತರವೇ ಹೊಸದಕ್ಕೆ ಕೈಹಾಕಿದರು. 1970ರ ದಶಕದಲ್ಲಿ ಯಂತ್ರಗಳಿಗೆ ಬೇಕಾದ ಹೈಡ್ರಾಲಿಕ್ ಸಿಲಿಂಡರ್‌ಗಳ ತಯಾರಿಕೆ ಆರಂಭವಾಯಿತು. 1977ರಲ್ಲಿ ಕಂಪನಿಯ ಹೆಸರು ವಿಪ್ರೋ ಪ್ರಾಡಕ್ಟ್ಸ್ ಎಂದಾಯಿತು.

ಅದೇ ವೇಳೆಗೆ ದೇಶದಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. 1973ರ ವಿದೇಶಿ ವಿನಿಮಯ ಕಾಯ್ದೆಯಂತೆ ಬಹುತೇಕ ವಿದೇಶಿ ಕಂಪನಿಗಳು ಇಲ್ಲಿ ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕಿತ್ತು. ಅದಕ್ಕೆ ಒಪ್ಪದ ಐಬಿಎಂ 1978ರಲ್ಲಿ ಭಾರತವನ್ನು ತೊರೆಯಿತು. ಗಣಕಯಂತ್ರದ ಮಾರುಕಟ್ಟೆಯಲ್ಲಿ ದೊಡ್ಡ ತೆರವು ಉಂಟಾಯಿತು. ಅದನ್ನು ಪ್ರೇಮ್‌ಜಿ ಗಮನಿಸಿದರು. ಬೆಂಗಳೂರಿನಲ್ಲಿ ಎಂಜಿನಿಯರುಗಳ ಚಿಕ್ಕ ತಂಡ ಕಟ್ಟಿ, 1980ರ ದಶಕದ ಆರಂಭದಲ್ಲಿ ಮಿನಿ ಕಂಪ್ಯೂಟರ್‌ಗಳನ್ನು ಮಾರುಕಟ್ಟೆಗೆ ತಂದರು.

ಇಲ್ಲಿ ಓದುಗರು ಒಂದು ವಿಷಯವನ್ನು ಗಮನಿಸಬೇಕು. ಕಂಪ್ಯೂಟರ್ ಬಂತೆಂದು ಅವರು ಗಿರಣಿಗೆ ಬೀಗ ಹಾಕಲಿಲ್ಲ. ಅದೇ ದಶಕದಲ್ಲಿ ಸಂತೂರ್ ಸೋಪು ಮಾರುಕಟ್ಟೆಗೆ ಬಂತು. ಹಳೆಯ ಕಸುಬು ದಿನದ ಖರ್ಚನ್ನು ನಿಭಾಯಿಸುತ್ತಿದ್ದರೆ, ಹೊಸ ಕಸುಬಿಗೆ ಬೇರೂರಲು ಕಾಲಾವಕಾಶ ಸಿಕ್ಕಿತು. ಮುಂದೆ 1991ರ ಆರ್ಥಿಕ ಸುಧಾರಣೆಯ ನಂತರ ವಿದೇಶಿ ಕಂಪ್ಯೂಟರ್‌ಗಳು ಒಳಬಂದವು, ಪೈಪೋಟಿ ಹೆಚ್ಚಿತು. ಆದರೆ ಯಂತ್ರ ತಯಾರಿಸಿ ಪಳಗಿದ್ದ ಎಂಜಿನಿಯರುಗಳು ಕಂಪನಿಯಲ್ಲೇ ಇದ್ದರು. ಅವರ ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡು ಕಂಪನಿ ಹೊರದೇಶಗಳಿಗೆ ಸಾಫ್ಟ್‌ವೇರ್ ಸೇವೆ ನೀಡತೊಡಗಿತು. 2000ದಲ್ಲಿ ನ್ಯೂಯಾರ್ಕ್ ಷೇರುಪೇಟೆಯನ್ನೂ ಪ್ರವೇಶಿಸಿತು. ಸೋಪು ಮುಂತಾದ ವ್ಯವಹಾರಗಳನ್ನು ಸಾಫ್ಟ್‌ವೇರ್ ಕಂಪನಿಯಿಂದ ಬೇರ್ಪಡಿಸಿದ್ದು 2013ರಲ್ಲಿ, ಅಂದರೆ ಮೂರು ದಶಕಗಳಿಗೂ ಹೆಚ್ಚು ಕಾಲ ಎರಡೂ ಒಂದೇ ಸೂರಿನಡಿ ಬಾಳಿದವು.

ಇದು ಕೋಟ್ಯಧೀಶರ ಕಥೆ, ನಮಗೇನು ಪ್ರಯೋಜನ ಎನ್ನಬೇಡಿ. ಬಂಡವಾಳ ಚಿಕ್ಕದಾದರೂ ಲೆಕ್ಕ ಇದೇ. ಇಂದಿನ ಗಲ್ಲಾವನ್ನು ಅಲಕ್ಷಿಸಿ ನಾಳೆಯ ಕನಸು ಕಾಣುವವನು ಸಾಲಗಾರನಾಗುತ್ತಾನೆ. ಗಲ್ಲಾದಲ್ಲಿ ಬಂದದ್ದನ್ನೆಲ್ಲ ಇಂದೇ ಖರ್ಚು ಮಾಡುವವನಿಗೆ ಕಾಲ ಬದಲಾದಾಗ ಕೈಯಲ್ಲಿ ಏನೂ ಇರುವುದಿಲ್ಲ. ಬಿತ್ತನೆ ಬೀಜವನ್ನು ರೈತ ಹಸಿವಾದರೂ ತಿನ್ನುವುದಿಲ್ಲವಲ್ಲ! ಹಾಗೆಯೇ ಲಾಭದಲ್ಲಿ ಒಂದು ಚಿಕ್ಕ ಭಾಗ, ವಾರದಲ್ಲಿ ಕೆಲವು ಗಂಟೆ ಹೊಸದನ್ನು ಕಲಿಯಲು, ಪೇಟೆ ಯಾವ ಕಡೆ ಸಾಗುತ್ತಿದೆ ಎಂದು ನೋಡಲು ಮೀಸಲಿರಲಿ.

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಅಜೀಂ ಪ್ರೇಮ್‌ಜಿಯವರು ಅರ್ಧಕ್ಕೆ ಬಿಟ್ಟ ಪದವಿಯನ್ನು ಸುಮಾರು ಮೂರು ದಶಕಗಳ ನಂತರ ಪೂರ್ಣಗೊಳಿಸಿದರು. ಅಷ್ಟು ದೊಡ್ಡ ಕಂಪನಿಯ ಮಾಲೀಕರಿಗೆ ಆ ಪ್ರಮಾಣಪತ್ರ ಯಾವ ಕೆಲಸಕ್ಕೂ ಬೇಕಿರಲಿಲ್ಲ, ಆದರೂ ಓದು ಬಾಕಿ ಉಳಿಯಬಾರದೆಂದುಕೊಂಡರು. ನಮ್ಮ ಮಕ್ಕಳಿಗೆ ಅಂತಹ ಎರಡನೆಯ ಅವಕಾಶ ಸಿಗುವುದು ಅಪರೂಪ. ಸಂಜೆ ಒಂದೆರಡು ಗಂಟೆ ಅವರು ಅಂಗಡಿಯಲ್ಲಿ ಕುಳಿತು ವ್ಯವಹಾರ ಕಲಿಯಲಿ, ತಪ್ಪಿಲ್ಲ. ಹಗಲು ಮಾತ್ರ ಶಾಲೆಗೆ ಬಿಟ್ಟುಕೊಡಿ.