ಚಿಮಣಿಯಿಲ್ಲದ ಹಡಗು

1912ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್‌ನಿಂದ ಬ್ಯಾಂಕಾಕಿಗೆ ಹೊರಟ ‘ಸೆಲಾಂಡಿಯಾ’ಕ್ಕೆ ಚಿಮಣಿಯೇ ಇರಲಿಲ್ಲ. ಸಾಗರಯಾನ ಮಾಡಿದ ಮೊದಲ ದೊಡ್ಡ ಡೀಸೆಲ್ ಹಡಗುಗಳಲ್ಲಿ ಅದೂ ಒಂದು. ಇದ್ದಷ್ಟು ಹೊಗೆ ಕೂವೆಮರದ ಮೂಲಕ ಹೋಗುತ್ತಿತ್ತು. ಕಲ್ಲಿದ್ದಲಿನ ಕರಿಹೊಗೆಯನ್ನೇ ಕಂಡಿದ್ದ ಬಂದರುಗಳಿಗೆ ಅದು ಸೋಜಿಗ.

ನಾನು ಎಂಜಿನ್ ಕೋಣೆಗೆ ಇಳಿಯುವ ಹೊತ್ತಿಗೆ ಆ ಕಾಲದ ಗುರುತೂ ಉಳಿದಿರಲಿಲ್ಲ. 1940ರ ದಶಕದಲ್ಲಿ ಶೆಲ್ ಕಂಪನಿಯ ಜಾನ್ ಲ್ಯಾಂಬ್, ಬಾಯ್ಲರಿಗೆ ಉರಿಸುವ ಅಗ್ಗದ ದಪ್ಪ ಎಣ್ಣೆಯನ್ನೇ ‘ಆರಿಕ್ಯುಲಾ’ ಟ್ಯಾಂಕರಿನ ಡೀಸೆಲ್ ಎಂಜಿನ್ನಿಗೆ ಉಣಿಸಿ ತೋರಿಸಿದ್ದರು. ದೊಡ್ಡ ಹಡಗುಗಳೆಲ್ಲ ಕ್ರಮೇಣ ಅದೇ ದಾರಿ ಹಿಡಿದವು. ಪೆಟ್ರೋಲು, ಡೀಸೆಲ್ ತೆಗೆದ ಮೇಲೆ ರಿಫೈನರಿಯಲ್ಲಿ ಉಳಿಯುವ ಗಷ್ಟು ಅದು. ತಣಿದರೆ ಜೋನಿಬೆಲ್ಲಕ್ಕಿಂತ ಗಟ್ಟಿ.

ಫೋರ್ತ್ ಎಂಜಿನಿಯರ್ ಆಗಿದ್ದಾಗ ಪ್ಯೂರಿಫೈಯರ್ ನನ್ನ ಪಾಲಿನ ಕೆಲಸ. ಕಾಯಿಸಿದ ಎಣ್ಣೆಯಿಂದ ನೀರು, ಕೆಸರು ಬೇರೆಯಾಗುತ್ತಿದ್ದವು. ಗಂಧಕ ಮಾತ್ರ ಆಗುತ್ತಿರಲಿಲ್ಲ. ಉರಿದ ಮೇಲೆ ಅದು ಆಮ್ಲವಾಗಿ ಸಿಲಿಂಡರಿನ ಗೋಡೆಯನ್ನು ತಿನ್ನುತ್ತದೆ. ಗೋಡೆ ಉಳಿಸಿಕೊಳ್ಳಲು ನಮ್ಮಲ್ಲಿ ಕ್ಷಾರ ಬೆರೆಸಿದ ಸಿಲಿಂಡರ್ ಆಯಿಲ್ ಇತ್ತು. ದಡದಲ್ಲಿ ಉಸಿರಾಡುವವರ ಶ್ವಾಸಕೋಶಕ್ಕೆ ಅಂಥದ್ದೇನೂ ಇರಲಿಲ್ಲ. ರಾತ್ರಿ ನಡುಗಡಲಿನಲ್ಲಿ ಹೊಗೆಗೂಡಿನ ಮಸಿ ಊದಿಸುತ್ತಿದ್ದೆವು. ಬೆಳಗ್ಗೆ ಡೆಕ್ಕಿನ ಮೇಲೆ ಬೆರಳಿಗೆ ಅಂಟುವ ಕರಿಹುಡಿ.

ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದಕ್ಕೆ ಹಡಗಿನ ಹೊಗೆಯ ಅನುಬಂಧ ಸೇರಿದ್ದು 1997ರಲ್ಲಿ, ಜಾರಿಗೆ ಬಂದದ್ದು 2005ರ ಮೇ 19ರಂದು. ಆಗಲೂ ಎಣ್ಣೆಯಲ್ಲಿ ಶೇಕಡಾ 4.5 ಗಂಧಕಕ್ಕೆ ಅನುಮತಿ ಇತ್ತು. 2012ರಲ್ಲಿ 3.5 ಆಯಿತು; 2020ರ ಜನವರಿ 1ರಂದು ಒಮ್ಮೆಲೇ 0.5ಕ್ಕೆ ಇಳಿಯಿತು. ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಲ್ಲಿ 2015ರಿಂದಲೇ 0.1. ಆ ಸಮುದ್ರಗಳ ಗಡಿ ಮುಟ್ಟುವ ಮೊದಲೇ ಎಣ್ಣೆ ಬದಲಿಸಿ, ಹೊತ್ತನ್ನು ಲಾಗ್‌ ಪುಸ್ತಕದಲ್ಲಿ ಬರೆಯಬೇಕು. ಬಿಸಿ ಎಣ್ಣೆಯಿಂದ ತಣ್ಣನೆಯ ತೆಳು ಎಣ್ಣೆಗೆ ಅವಸರದಲ್ಲಿ ಹೊರಳಿದರೆ ಇಂಧನ ಪಂಪು ಕಚ್ಚಿಕೊಳ್ಳುವ ಭಯ. ಆ ಗಂಟೆಗಳಲ್ಲಿ ಯಾರೂ ಊಟಕ್ಕೆ ಏಳುತ್ತಿರಲಿಲ್ಲ.

ನೈಟ್ರೋಜನ್ ಆಕ್ಸೈಡಿನದು ಬೇರೆಯೇ ಕಷ್ಟ. ಬಹುಪಾಲು ಅದು ಎಣ್ಣೆಯಿಂದ ಬರುವುದಲ್ಲ, ಗಾಳಿಯ ನೈಟ್ರೋಜನ್ನೇ ಸಿಲಿಂಡರಿನ ಉರಿಯಲ್ಲಿ ಆಮ್ಲಜನಕದೊಂದಿಗೆ ಕೂಡಿ ಹುಟ್ಟುವುದು. ಉರಿಯ ಬಿಸಿ ತಗ್ಗಿಸಿದರೆ ಎಣ್ಣೆಯ ಖರ್ಚು ಏರುತ್ತದೆ. ಈಗ ಹಲವು ಹೊಸ ಹಡಗುಗಳಲ್ಲಿ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸುತ್ತಾರೆ. ಹೌದು, ನಾವು ಗದ್ದೆಗೆ ಹಾಕುವ ಅದೇ ಯೂರಿಯಾ. ನಿಧಾನಗತಿಯ ಎಂಜಿನ್ನಿಗೆ ಕಿಲೊವ್ಯಾಟ್-ಗಂಟೆಗೆ 17 ಗ್ರಾಂ ಇದ್ದ ಮಿತಿ, ಈ ಹೊಗೆಗೆ ನಿಯಂತ್ರಣವಿರುವ ಕಡಲುಗಳಲ್ಲಿ ಹೊಸ ಹಡಗುಗಳಿಗೆ 3.4ಕ್ಕೆ ಬಂದಿದೆ.

ಇನ್ನು ಗಂಧಕದ ಮಿತಿ ಪಾಲಿಸಲು ಮತ್ತೊಂದು ದಾರಿ, ಸ್ಕ್ರಬ್ಬರ್. ಹಳೆಯ ದಪ್ಪ ಎಣ್ಣೆಯನ್ನೇ ಉರಿಸಿ, ಹೊಗೆಯನ್ನು ಕಡಲ ನೀರಿನಲ್ಲಿ ತೊಳೆದು, ಬಹಳ ಹಡಗುಗಳಲ್ಲಿ ಆ ನೀರನ್ನು ಕಡಲಿಗೇ ಬಿಡುತ್ತಾರೆ. ಮಾರ್ಪೋಲ್ ನಿಯಮ ಅದನ್ನು ಒಪ್ಪುತ್ತದೆ. ನಾನು ಒಪ್ಪುವುದಿಲ್ಲ.